ಅಜ್ಜನ ಹೆಗಲಿಂದ ಇಳಿಯದ ಸಿಂಚನ

ಫೆಬ್ರವರಿ ೧೧, ಬುಧವಾರ

ಇವತ್ತೂ ತಂಗಿ ಸಿಂಚನಳ ಕಾಲು ನೆಲಕ್ಕೆ ತಾಗಲಿಲ್ಲ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಜಗಲಿಗೆ, ಎಲ್ಲವೂ ಅಜ್ಜನ ಹೆಗಲ ಮೇಲೆಯೇ. ರಕ್ತದ ಕ್ಯಾನ್ಸರ್ ಬಂದ ಮಗು ಮಲಗಿಯೇ ಇರಬೇಕೆಂದು ಇವರಿಗೆ ಯಾರು ಹೇಳಿದರೋ! ಜ್ವರವಿಲ್ಲದ ದಿನ ನಡೆಸಿ, ಆಡಿಸಿ ಎಂದು ಡಾಕ್ಟರ್ ಸೋಮವಾರ ಎಲ್ಲರೆದುರೇ ಹೇಳಿದ್ದಾರೆ. ಸ್ಟೀರಾಯ್ಡ್ ಮಾತ್ರೆಯಿಂದ ತೊಡೆ ಸೊರಗುತ್ತಿದೆ, ರಕ್ತದಲ್ಲಿ ಸಕ್ಕರೆ ಏರುತ್ತಿದೆ. ಅದೇ ಮಾತ್ರೆಯಿಂದ ಊದಿದ ಮುಖ ನೋಡಿ ಪಕ್ಕದ ಮನೆಯ ಕಮಲಕ್ಕ, "ಮೈಕೈ ತುಂಬ್ಕೊಂಡೈತೆ ನೋಡ್ರಿ, ಗುಣ ಆತು" ಎಂದು ಡಬ್ಬಿ ತುಂಬ ಬೇಸನ್ ಉಂಡೆ ಕೊಟ್ಟು ಹೋದರು. ಅಮ್ಮ ಅದನ್ನು ಬೇಡ ಎನ್ನಲೂ ಇಲ್ಲ.

ಮಗುವನ್ನು ನಡೆಸಬೇಕೆಂದು ಬರೆದಿರುವ ಆಸ್ಪತ್ರೆಯ ಕರಪತ್ರವನ್ನು ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಿದೆ.

"ನಿನ್ನ ಕಾಗದಕ್ಕೇನು ಜಡ್ಡು ಬಂದೈತಾ? ನನ್ನ ಹೆಗಲು ಇನ್ನೂ ಗಟ್ಟಿ ಐತೆ, ಸುಮ್ಕಿರವ್ವ."

ಕೂಗಾಡಿದೆ. ಅಜ್ಜ ಟವೆಲ್ ಕೊಡವಿಕೊಂಡು ಹೊರಗೆ ಹೋದ.

ಅವನು ಹೋದ ಮೇಲೆ ಸಿಂಚನಳನ್ನು ಎಬ್ಬಿಸಿ ನಿಲ್ಲಿಸಿದೆ. ಮೊಣಕಾಲು ನಡುಗುತ್ತಿದ್ದರೂ ಗೋಡೆ ಹಿಡಿದು ಬಾಗಿಲ ತನಕ ನಡೆದಳು. ನಡೆಯಬಲ್ಲಳು!

"ಮತ್ತೆ ಯಾಕ ಎತ್ತಿಸ್ಕೊಂತೀಯೇ?" ಎಂದು ರೇಗಿದೆ.

"ಎತ್ಕೊಂಡಾಗ ಅಜ್ಜ ಅಳಲ್ಲ ಅಕ್ಕಾ."

ಎಂಟು ವರ್ಷದವಳು ತನ್ನ ಕಾಲಿನ ಕಸುವು ಕಳೆದುಕೊಂಡು ಮುದುಕನನ್ನು ಸಮಾಧಾನ ಮಾಡುತ್ತಿದ್ದಾಳೆ. ಈಗ ಯಾರ ಮೇಲೆ ಕೂಗಾಡಲಿ? ನಾಳೆ ಇಬ್ಬರನ್ನೂ ಓಣಿಯಲ್ಲಿ ಜತೆಗೇ ನಡೆಸುತ್ತೇನೆ. ಅಜ್ಜ ಅತ್ತರೆ ಅಳಲಿ. ಅವಳ ಕೈ ಹಿಡಿದು ನಡೆಯುತ್ತಲೇ ಅಳಲಿ.