ಬೀಗರಿಗೆ ಬಾಳೆಹಣ್ಣು ಮಾರಬಾರದು

ಕಮಲಾಪುರ
ಶುಕ್ರವಾರ, ೧೮ ಏಪ್ರಿಲ್ ೨೦೨೫

ಚಿ. ಸೌ. ಐಶ್ವರ್ಯಾಳಿಗೆ, ನಿನ್ನ ಅತ್ತೆ ಭಾಗಮ್ಮ ಅಂಗಡಿಯ ದುಡ್ಡಿನ ಗಲ್ಲೆಯ ಹಿಂದೆ ಕುಳಿತು ಮಾಡುವ ಆಶೀರ್ವಾದ.

ಹೇಗಿದ್ದೀಯ ತಾಯಿ? ಕಾಲಿನ ಬಾವು ಇಳಿಯಿತೇ? ನಿದ್ದೆ ಬರುತ್ತದೆಯೇ? ಕೇಸರಿ ಹಾಲು ಕುಡಿಯುತ್ತಿದ್ದೀಯೋ, ಇಲ್ಲಿ ಮಾಡುತ್ತಿದ್ದಂತೆ ಅಲ್ಲಿಯೂ ಕಿಟಕಿಯಿಂದ ದಾಸವಾಳದ ಗಿಡಕ್ಕೆ ಕುಡಿಸುತ್ತಿದ್ದೀಯೋ? ನಮ್ಮ ದಾಸವಾಳ ಅಷ್ಟೇಕೆ ಕೊಬ್ಬಿತ್ತು ಎಂಬುದು ನೀನು ತವರಿಗೆ ಹೋದ ಮೇಲೆ ನನಗೆ ತಿಳಿಯಿತು. ಕಲಬುರಗಿಯ ನಿಮ್ಮ ಜೇವರ್ಗಿ ಕಾಲೋನಿಯಲ್ಲಿ ದವಾಖಾನೆ ಮನೆಯ ಎದುರಿಗೇ ಇದೆ ಎಂದು ನಿನ್ನ ತಾಯಿಯವರು, ಅಂದರೆ ನಮ್ಮ ಬೀಗತಿಯವರು, ಸಿಕ್ಕಾಗಲೆಲ್ಲ ಹೇಳುತ್ತಾರೆ, ಅದನ್ನು ತಾವೇ ನಿಂತು ಕಟ್ಟಿಸಿದ ಹಾಗೆ. ಹೇಳಲಿ ಬಿಡು, ಚೊಚ್ಚಲ ಬಾಣಂತನ ಮಾಡುವವರಿಗೆ ಅಷ್ಟು ಹಕ್ಕಿದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಬಾರದು ಎನ್ನುತ್ತಾರೆ. ನಾನು ಎರಡು ಹೊಲಿದಿಟ್ಟಿದ್ದೇನೆ, ಯಾರಿಗೂ ಹೇಳಬೇಡ.

ಫೋನ್ ಇರುವಾಗ ಈ ಮುದುಕಿಗೆ ಪತ್ರದ ಹುಚ್ಚು ಯಾಕೆ ಹತ್ತಿತು ಎಂದು ನಗಬೇಡ. ನಿನಗೆ ಫೋನ್ ಮಾಡಿದರೆ ಅತ್ತ ಬೀಗತಿಯವರು ಸ್ಪೀಕರ್ ಹಾಕುತ್ತಾರೆ, ಇತ್ತ ನಿನ್ನ ಗಂಡ ಕಿವಿ ಹಚ್ಚಿ ನಿಲ್ಲುತ್ತಾನೆ. ಅತ್ತೆ ಸೊಸೆ ನಾಲ್ಕು ಮಾತು ಗುಟ್ಟಾಗಿ ಆಡುವುದು ಹೇಗೆ? ಅದಕ್ಕೇ ಟೆಂಪೋ ಮಲ್ಕಪ್ಪನ ಕೈಯಲ್ಲಿ ಮಾವಿನಕಾಯಿ ಚೀಲ ಕಳಿಸಿ, ತಳದಲ್ಲಿ ಈ ಪತ್ರ ಇಡುತ್ತೇನೆ. ಮಾವಿನಕಾಯಿ ಎಂದರೆ ನಿನ್ನ ಕೈ ಚೀಲದ ತಳದವರೆಗೂ ಹೋಗುತ್ತದೆ ಎಂಬ ಭರವಸೆ ನನಗಿದೆ.

ಈಗ ರಸ್ತೆ ಬದಿಯ ನಿನ್ನ ಹಣ್ಣಿನ ಅಂಗಡಿಯ ಸುದ್ದಿ. ಯುಗಾದಿ ಮುಗಿದದ್ದೇ ತಡ, ಹೊಲದಿಂದ ಮಾಲಿನ ಮೇಲೆ ಮಾಲು ಬರುತ್ತಿದೆ. ಕೆಂಪು ಬಾಳೆಯ ಗೊನೆಗಳನ್ನು ತೊಲೆಗೆ ತೂಗುಹಾಕಿದ್ದೇವೆ. ಮಾವಿನಕಾಯಿ, ಸೌತೆಕಾಯಿ, ಹೊಸ ಹುಣಸೆ ಎಲ್ಲ ಬಂದಿವೆ. ಕರಬೂಜದ ವಾಸನೆಗೆ ಹುಮನಾಬಾದ್ ಬಸ್ಸಿನ ಡ್ರೈವರ್ ಕೂಡ ನಮ್ಮ ಮುಂದೆ ಬಂದಾಗ ನಿಧಾನ ಮಾಡುತ್ತಾನೆ. ಕಲ್ಲಂಗಡಿಯ ಉಸ್ತುವಾರಿಗೆ ನಿನ್ನ ಮಾವನವರನ್ನು ಕೂರಿಸಿ ಕೆಟ್ಟೆ. ಒಂದೊಂದು ಕಾಯನ್ನೂ ಬೆರಳಿನಿಂದ ಬಡಿದು, ಕಿವಿ ಹಚ್ಚಿ ಕೇಳಿ, "ಇದು ಇನ್ನಾ ಎರಡ್ ದಿನ ಇರ್ಲಿ" ಎಂದು ಪಕ್ಕಕ್ಕಿಡುತ್ತಾರೆ. ಗಿರಾಕಿ ಬಿಸಿಲಲ್ಲಿ ನಿಂತು ಬೆಂದು ಹೋದರೂ ಅವರಿಗೆ ಒಪ್ಪುವ ಕಾಯಿ ಸಿಗುವುದಿಲ್ಲ. ಮೊನ್ನೆ ಒಬ್ಬ, "ಯಜಮಾನ್ರೆ, ಹಣ್ಣು ಕೊಡ್ತೀರೋ, ಕುಂಡಲಿ ನೋಡ್ತೀರೋ?" ಎಂದು ಕೇಳಿಯೇ ಬಿಟ್ಟ.

ಆದರೆ ಅಂಗಡಿಯನ್ನು ಮುಳುಗಿಸಲು ಹೊರಟವರು ಅವರಲ್ಲ, ನಾನು. ನೀನು ಹೋಗುವ ದಿನ ಕಾರಿನ ಬಾಗಿಲು ಹಿಡಿದುಕೊಂಡು, "ಅತ್ತಿ, ನಾ ಕೂಸಿನ್ನ ಕರಕೊಂಡು ಬರೂ ತನಕ ಅಂಗಡಿ ಮುಚ್ಚಗೊಡಬ್ಯಾಡ್ರಿ" ಎಂದೆಯಲ್ಲ, ಆ ಮಾತು ಈಗಲೂ ಕಿವಿಯಲ್ಲಿದೆ. ನಿನ್ನ ಗಂಡ ಶಿವಶರಣನ ಷರತ್ತು ನಿನಗೂ ಗೊತ್ತು, ನನಗೂ ಗೊತ್ತು. ಬಸವ ಜಯಂತಿಯೊಳಗೆ ಅಂಗಡಿ ತನ್ನ ಖರ್ಚು ತಾನು ಹುಟ್ಟಿಸದಿದ್ದರೆ ಜಾಗವನ್ನು ಕಲಬುರಗಿಯ ಟೈರ್ ಅಂಗಡಿಯವರಿಗೆ ಬಾಡಿಗೆಗೆ ಕೊಡುವುದು. ಎರಡು ಬೇಸಿಗೆ ನೀನು ಮೈ ಸುಟ್ಟುಕೊಂಡು ಕಟ್ಟಿದ ಅಂಗಡಿ ಅದು. ಬಾಳೆಗೊನೆ ತೂಗುವ ತೊಲೆಗೆ ಟೈರ್ ತೂಗುವುದನ್ನು ನಾನು ನೋಡಲಾರೆ. ಅದಕ್ಕೇ ಸೆರಗು ಬಿಗಿದು ಗಲ್ಲೆಯ ಮೇಲೆ ಕುಳಿತೆ.

ಕುಳಿತವಳು ಸುಮ್ಮನೆ ಹಣ್ಣು ತೂಗಿ ಕೊಡಬೇಕಿತ್ತು. ಆದರೆ ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಕೊಡಬೇಕಲ್ಲವೇ? ನೀರು ಕೊಟ್ಟ ಮೇಲೆ "ಯಾವೂರ ರೀ ನಿಮ್ಮದು?" ಎಂದು ಕೇಳದಿದ್ದರೆ ಅದು ಎಂಥ ಮರ್ಯಾದೆ? ಊರು ಹೇಳಿದ ಮೇಲೆ ಮನೆತನ, ಮನೆತನದ ಮೇಲೆ ತಾಯಿಯ ತವರು. ಇಷ್ಟು ಕೇಳುವಷ್ಟರಲ್ಲಿ ನಮ್ಮ ಈ ಸೀಮೆಯಲ್ಲಿ ಬೀಗರಲ್ಲದವರು ಯಾರು ಉಳಿಯುತ್ತಾರೆ ಹೇಳು! ಮೊದಲ ದಿನ ಬಂದ ಹೆಂಗಸು ನನ್ನ ಚಿಕ್ಕಮ್ಮನ ನೆಗೆಣ್ಣಿಯ ತಮ್ಮನ ಮಗಳು. ಬೀಗರ ಮಗಳಿಂದ ಬಾಳೆಹಣ್ಣಿಗೆ ದುಡ್ಡು ಇಸಿದುಕೊಂಡರೆ ನಾಳೆ ಮದುವೆ ಮನೆಯಲ್ಲಿ ಮುಖ ತೋರಿಸುವುದು ಹೇಗೆ? ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು, ಸ್ಟೀಲ್ ಡಬ್ಬಿಯಲ್ಲಿ ಹೊಸ ಮಾವಿನಕಾಯಿ ಉಪ್ಪಿನಕಾಯಿ ತುಂಬಿ, ಕುಂಕುಮ ಹಚ್ಚಿ ಕಳಿಸಿದೆ. ಮರುದಿನ ಕಲಬುರಗಿಯ ಇಕ್ಬಾಲ್ ಬೇಗಂ ಎಂಬ ನಿವೃತ್ತ ಟೀಚರು ಬಂದರು. ಇವರೊಂದಿಗಂತೂ ಸಂಬಂಧ ಇರಲಾರದು, ಧೈರ್ಯವಾಗಿ ಮಾರೋಣ ಎಂದುಕೊಂಡೆ. ಮಾತಾಡುತ್ತ ಹೋದರೆ ಅವರ ತಂದೆಯವರು ನನ್ನ ಅಣ್ಣನಿಗೆ ಲೆಕ್ಕ ಕಲಿಸಿದ ಮಾಸ್ತರು! ಗುರುವಿನ ಮಗಳಿಂದ ದುಡ್ಡೇ? ಅವರು, "ಅರೆ ಬಾಯಿ, ಪೈಸಾ ತಗೋರಿ, ನನಗ ಶರಮ್ ಆಗ್ತದ" ಎನ್ನುತ್ತಲೇ ಇದ್ದರು, ನಾನು ಡಬ್ಬಿಯ ಮುಚ್ಚಳ ಹಾಕುತ್ತಲೇ ಇದ್ದೆ.

ಒಂದು ಸಂಜೆ ಶಿವಶರಣ ಮನೆಯಲ್ಲಿ ಚಹಾಪುಡಿಯ ಡಬ್ಬಿ ಹುಡುಕಿದ. ಚಹಾಪುಡಿ ಕಾಗದದ ಪೊಟ್ಟಣದಲ್ಲಿತ್ತು. ಸಕ್ಕರೆ ಡಬ್ಬಿಯೂ ಇಲ್ಲ, ಬೇಳೆ ಡಬ್ಬಿಯೂ ಇಲ್ಲ. ಗಲ್ಲೆ ತೆರೆದು ನೋಡಿದರೆ ಅದರಲ್ಲಿ ನನ್ನ ಅಡಿಕೆ ಚೀಲ ಒಂದೇ. "ಅವ್ವಾ, ಇದು ಅಂಗಡಿ ಅದ, ಬೀಗರ ಊಟದ ಪಂಕ್ತಿ ಅಲ್ಲ! ನಾಳಿಂದ ಯಾರಿಗೂ ಊರು ಕೇಳಂಗಿಲ್ಲ" ಎಂದು ಕಟ್ಟಪ್ಪಣೆ ಮಾಡಿದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಮಾತು, ಆಗಲಿ ಎಂದು ಬಾಯಿಗೆ ಬೀಗ ಹಾಕಿದೆ. ಮರುದಿನ ಬಂದವರಿಗೆ ನೀರೂ ಕೊಡಲಿಲ್ಲ, ಮುಖವನ್ನೂ ನೋಡಲಿಲ್ಲ. ಹಣ್ಣು ಹಿಡಿದು ನಿಂತ ಒಬ್ಬಾಕೆ ನನ್ನನ್ನು ದಿಟ್ಟಿಸಿ, "ಅಮ್ಮಾರ ಮನ್ಯಾಗ ಏನರ ಕೆಟ್ಟ ಸುದ್ದಿ ಬಂದದೇನ್ರಿ?" ಎಂದು ಮೆತ್ತಗೆ ಕೇಳಿ, ಹಣ್ಣನ್ನು ಇದ್ದಲ್ಲೇ ಇಟ್ಟು ಹೋದಳು. ಅವತ್ತು ರಾತ್ರಿ ನನಗೆ ಅಳುವೇ ಬಂತು ಐಶ್ವರ್ಯಾ. ಮಾತಾಡಿದರೆ ಅಂಗಡಿ ಮುಳುಗುತ್ತದೆ, ಮಾತಾಡದಿದ್ದರೂ ಮುಳುಗುತ್ತದೆ. ನಿನಗೆ ಕೊಟ್ಟ ಮಾತು ನನ್ನ ಕೈಯಿಂದಲೇ ಹೋಗುತ್ತದೆ ಎನ್ನಿಸಿತು.

ಅಷ್ಟರಲ್ಲಿ ಡಬ್ಬಿಗಳು ಮರಳಿ ಬರತೊಡಗಿದವು. ನಮ್ಮ ಕಡೆ ಯಾರು ಖಾಲಿ ಡಬ್ಬಿ ಮರಳಿಸುತ್ತಾರೆ ಹೇಳು? ಒಂದರಲ್ಲಿ ರೊಟ್ಟಿಗೆ ಹಚ್ಚುವ ಶೇಂಗಾ ಹಿಂಡಿ, ಒಂದರಲ್ಲಿ ಹಪ್ಪಳ, ಒಂದರಲ್ಲಿ ತುಪ್ಪ. ಇಕ್ಬಾಲ್ ಬೇಗಂ ನಿಂಬೆಹಣ್ಣಿನ ಶರಬತ್ತಿನ ಬಾಟಲಿಗಳನ್ನೇ ಕಳಿಸಿದರು. ನನ್ನ ತವರೂರು ಮಹಾಗಾಂವದ ಪುತಳಾಬಾಯಿ ಶಾವಿಗೆ ಕಳಿಸಿದಳು, ಕೂದಲೆಳೆಯಷ್ಟು ಸಣ್ಣದು. ಇಷ್ಟನ್ನು ಮೂರು ಜನ ತಿಂದು ಮುಗಿಸುವುದು ಹೇಗೆ? ಇರುವೆ ಹತ್ತಿ ಹಾಳಾಗುವ ಬದಲು ನಾಲ್ಕು ಜನರಿಗೆ ಸೇರಲಿ ಎಂದು ಅಂಗಡಿಯ ಹಲಗೆಯ ಮೇಲೆ ಜೋಡಿಸಿ, ರೇಟಿನ ಚೀಟಿ ಅಂಟಿಸಿದೆ. ಕಾರಿನವರು ಬಂದು ಬಾಚಿಕೊಂಡು ಹೋಗುತ್ತಿದ್ದರು. ನಾನು ಖುಷಿಯಲ್ಲಿದ್ದಾಗಲೇ ಟಂಟಂ ಆಟೋದಿಂದ ಇಳಿದವರು ಯಾರು? ಸಾಕ್ಷಾತ್ ಪುತಳಾಬಾಯಿ!

ಪ್ರೀತಿಯಿಂದ ಕೊಟ್ಟದ್ದನ್ನು ಮಾರಾಟಕ್ಕಿಟ್ಟವಳು ಎಂದು ಮಹಾಗಾಂವದ ತುಂಬ ಡಂಗುರ ಸಾರುತ್ತಾಳೆ, ಇನ್ನು ತವರಿನ ದಾರಿ ಮುಚ್ಚಿತು ಎಂದುಕೊಂಡೆ. ನನ್ನ ಸೆರಗಿನಿಂದ ಹಲಗೆಯನ್ನು ಮುಚ್ಚಲು ನೋಡಿದೆ, ಸೆರಗು ಸಾಲಲಿಲ್ಲ. ಅವಳು ಚೀಟಿಯ ಹತ್ತಿರ ಮೂಗು ಒಯ್ದು, "ಏ ಭಾಗೂ, ಇದು ನಂದ ಶಾವಗಿ ಅಲ್ಲೇನು?" ಎಂದಳು. ಹೌದು ಎಂದು ತಲೆಯಾಡಿಸಿದೆ. "ಇಷ್ಟ ಕಡಿಮಿ ರೇಟ್ ಯಾಕ ಹಚ್ಚೀದಿ? ನನ್ನ ಕೈಯಾಗಿನ ಶಾವಗಿಗಿ ಮರ್ಯಾದಿ ಇಲ್ಲೇನು?" ಎಂದು ಗದರಿ, ನಾನು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ನು ಕಿತ್ತುಕೊಂಡು ರೇಟು ತಾನೇ ತಿದ್ದಿದಳು. ಮರುದಿನ ಬುಟ್ಟಿಯ ತುಂಬ ಶಾವಿಗೆ ತಂದು, "ಇದು ಉಡುಗೊರಿ ಅಲ್ಲ, ಮಾಲು" ಎಂದು ಇಳಿಸಿದಳು. ಅವಳ ಹಿಂದೆ ಹಪ್ಪಳದವರು ಬಂದರು, ಹಿಂಡಿಯವರೂ ಬಂದರು.

ಅಲ್ಲಿಂದ ನನಗೆ ದಾರಿ ಸಿಕ್ಕಿತು. ಈಗ ಮತ್ತೆ ಎಲ್ಲರಿಗೂ ನೀರು ಕೊಟ್ಟು, ಊರು ಕೇಳುತ್ತೇನೆ. ಬೀಗರೆಂದು ಗೊತ್ತಾದರೆ ನಮ್ಮ ಗೊನೆಯಿಂದ ಒಂದೊಂದು ಬಾಳೆಹಣ್ಣು ಪುಕ್ಕಟೆ. ಆದರೆ ಪುತಳಾಬಾಯಿಯ ಶಾವಿಗೆ ನನ್ನದಲ್ಲವಲ್ಲ, ಅದಕ್ಕೆ ನಾನು ಹೇಗೆ ಬೇಡ ಎನ್ನಲಿ? ಪುಕ್ಕಟೆ ಹಣ್ಣು ತಿಂದವರು ಬರಿಗೈಲಿ ಹೋಗಲು ನಾಚಿ, ಎಲ್ಲವನ್ನೂ ಒಂದೊಂದು ಕೊಂಡು, ಬೇಡವೆಂದರೂ ಕಲ್ಲಂಗಡಿಗೂ ದುಡ್ಡು ಇಟ್ಟು ಹೋಗುತ್ತಾರೆ. ಅಂಗಡಿ ಖರ್ಚು ಹುಟ್ಟಿಸುತ್ತಿದೆ ತಾಯಿ. ಆದರೆ ನಿನ್ನ ಗಂಡನ ಮುಖದಲ್ಲಿ ಮಾತ್ರ ನಗೆಯಿಲ್ಲ. "ನಾಲ್ಕ್ ದಿನದ ಗದ್ದಲ ಅವ್ವಾ, ಟೈರಿನವರಿಗಿ ಬರ್ಲಾಕ್ ಹೇಳೀನಿ, ಮಾತು ಕೊಟ್ಟಾಗ್ಯದ" ಎನ್ನುತ್ತಾನೆ. ಅವರು ಇವತ್ತೇ ಜಾಗ ನೋಡಲು ಬರುತ್ತಾರಂತೆ. ಮೊದಮೊದಲು ಈ ಅಂಗಡಿಗೆ ಮೂಗು ಮುರಿದವಳು ನಾನೇ. ಈಗ ಬೆಳಗಾದರೆ ಕಾಲು ತಾನೇ ಇತ್ತ ನಡೆಯುತ್ತದೆ. ಇದು ಹೋದರೆ ನನಗೆ ತಡೆಯಲಾಗದು, ನಿನಗಾಗಿ ಅಷ್ಟೇ ಅಲ್ಲ, ನನಗಾಗಿಯೂ.

ನಿನ್ನ ಮೈ ನೋಡಿಕೋ. ಬಿಸಿಲಿಗೆ ಹೊರಗೆ ಬೀಳಬೇಡ, ಮಾವಿನಕಾಯಿಗೆ ಉಪ್ಪು ಖಾರ ಹೆಚ್ಚು ಹಚ್ಚಬೇಡ. ಬೀಗರಿಗೂ ಬೀಗತಿಯವರಿಗೂ ಶರಣು ಹೇಳು. ಬಸವಣ್ಣ ನಿನಗೆ ಸುಖವಾಗಿ ಹೆರಿಗೆ ಮಾಡಿಸಲಿ, ಕೂಸು ನಿನ್ನ ಹಾಗೆ ಗಟ್ಟಿಗಿತ್ತಿಯೋ ಗಟ್ಟಿಗನೋ ಆಗಲಿ.

ನಿನ್ನ ಅತ್ತೆ,
ಭಾಗಮ್ಮ

ತಾ.ಕ.: ಮಲ್ಕಪ್ಪ ಹಾರ್ನ್ ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತೇನೆ. ಟೈರಿನವರು ಬಂದು ಹೋದರು. ಹೆಸರು ಸೂಗಪ್ಪ, ನೆಹರು ಗಂಜ್ ಮಾರುಕಟ್ಟೆಯ ಹತ್ತಿರ ಅಂಗಡಿ, ಒಳ್ಳೆಯ ಮನುಷ್ಯ. ನೀರು ಕೊಟ್ಟೆ, ಊರು ಕೇಳಿದೆ, ಮನೆತನ ಕೇಳಿದೆ, ತಾಯಿಯ ತವರು, ಅಜ್ಜಿಯ ತವರು ಎಲ್ಲ ಕೇಳಿದೆ. ನನ್ನ ಜನ್ಮದಲ್ಲಿ ಮೊದಲ ಸಲ, ಯಾವ ಕಡೆಯಿಂದ ಎಳೆದರೂ ಸಂಬಂಧ ಕೂಡಲಿಲ್ಲ! ಶಿವಶರಣ ಅಳತೆಯ ಟೇಪ್ ಬಿಚ್ಚುತ್ತಿದ್ದ. ನನಗೆ ಬೇರೆ ದಾರಿ ಕಾಣದೆ, ನಿನ್ನ ತಾಯಿಯ ಸೋದರತ್ತೆಯ ಮೈದುನನ ಮಗಳನ್ನು ಅವರ ಮನೆತನಕ್ಕೇ ಕೊಟ್ಟಿದೆ ಎಂದುಬಿಟ್ಟೆ. ಸೂಗಪ್ಪನವರು ತಟ್ಟನೆ ಎದ್ದು ಕೈಮುಗಿದು, "ಅಯ್ಯ, ಮೊದಲೇ ಹೇಳಬಾರದೇನ್ರಿ ಬೀಗತೇರೆ, ನಮ್ಮ ನಮ್ಮಾಗ ಬಾಡಗಿ ವ್ಯವಹಾರ ಚಂದ ಕಾಣಂಗಿಲ್ಲ" ಎಂದು ತಾವೇ ಹಿಂದೆ ಸರಿದರು. ಬೀಗರ ಎದುರಿಗೆ ನಿನ್ನ ಗಂಡ ಟೇಪನ್ನು ಮತ್ತೆ ಸುತ್ತಿಟ್ಟ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ನಾನು ಒಂದೇ ಸುಳ್ಳಿನಲ್ಲಿ ಒಂದು ಅಂಗಡಿ ಉಳಿಸಿದ್ದೇನೆ. ಶಿವಶರಣ ಇವತ್ತು ಸಂಜೆ ನಿನಗೆ ಫೋನ್ ಮಾಡಿ ಕೇಳಿಯೇ ಕೇಳುತ್ತಾನೆ. "ಹೌದು, ನಮ್ಮ ಕಡೆಯವರೇ" ಅನ್ನು. ಬೀಗತಿಯವರಿಗೆ ಈಗಲೇ ಬಾಯಿಪಾಠ ಮಾಡಿಸು, ಹೇಗೂ ಸ್ಪೀಕರ್ ಹಾಕುತ್ತಾರೆ. ಮತ್ತೆ ಇನ್ನೊಂದು, ಸೂಗಪ್ಪನವರು ಕೂಸಿನ ತೊಟ್ಟಿಲ ಕಾರ್ಯಕ್ಕೆ ಮನೆಮಂದಿಯೆಲ್ಲ ಬರುತ್ತೇವೆ ಎಂದು ಹೇಳಿ ಹೋಗಿದ್ದಾರೆ. ಬೀಗರನ್ನು ಬರಿಗೈಲಿ ಕಳಿಸಲಾಗದು, ಅವರಿಗೊಂದು ಟಾವೆಲ್ ಟೋಪಿ ತರಿಸಿಡು.