ಇಳಿಯುವ ಹೊತ್ತಿಗೆ ಮಗುವನ್ನು ಎಬ್ಬಿಸು

ಭಾನುವಾರ, ಮಧ್ಯಾಹ್ನ

ಮುದ್ದು ಪುಟ್ಟೀ,

ನೀನೂ ನಿನ್ನ ಮಗನೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿಗೆ ಬರುವ ಟಿಕೆಟ್ ರದ್ದು ಮಾಡುತ್ತೇನೆ ಎಂದು ನೀನು ಹೇಳಿ ವಾರವಾಯಿತು. ಅವತ್ತೇ ಬರೆಯಬೇಕಿತ್ತು, ತಡವಾಯಿತು, ಬೇಕಾದರೆ ಬೈದುಕೋ. ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು "ಹೂಂ ಅಮ್ಮ, ಸರಿ ಅಮ್ಮ" ಎನ್ನುತ್ತಲೇ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತೀಯ. ಕಾಗದವಾದರೆ ಮಗು ಮಲಗಿದಾಗ ನಿಧಾನವಾಗಿ ಓದಿಕೊಳ್ಳಬಹುದು.

ನಿಮ್ಮಪ್ಪ ನಡುಕೋಣೆಗೆ ಬಣ್ಣ ಹೊಡೆದಿದ್ದಾರೆ. ಗೋಡೆಗೆ ಎಷ್ಟು ಬಿದ್ದಿದೆಯೋ ಅವರ ಕನ್ನಡಕಕ್ಕೂ ಅಷ್ಟೇ ಬಿದ್ದಿದೆ. ಮೊಮ್ಮಗನನ್ನು ಅವರು ಇನ್ನೂ ಫೋಟೋದಲ್ಲಿ ಮಾತ್ರ ನೋಡಿರುವುದು. ಮೇಲಿನ ಮನೆಯವರ ಹತ್ತಿರ ತೊಟ್ಟಿಲು ಕೇಳಿ ತಂದು, ಅದರ ಕೀಲುಗಳಿಗೆ ಎಣ್ಣೆ ಹಾಕಿ, ಖಾಲಿ ತೊಟ್ಟಿಲನ್ನೇ ತೂಗಿ ನೋಡುತ್ತಿದ್ದರು. ನೀನು ಬರುವುದಿಲ್ಲ ಎಂಬ ಸುದ್ದಿಯನ್ನು ನಾನು ಅವರಿಗೆ ಹೇಳಿಲ್ಲ. ಹೇಳುವ ಪ್ರಮೇಯವೂ ಬರುವುದಿಲ್ಲ, ಯಾಕೆಂದರೆ ನೀನು ಬರುತ್ತೀಯ.

ಹೋದ ಸಲ ಅತ್ತೆಮನೆಗೆ ಹೋಗುವಾಗ ಮಗು ವಿಮಾನದಲ್ಲಿ ಅತ್ತು ಅತ್ತು ಕೆಂಪಗಾದ ವಿಷಯ ನೀನು ಹೇಳಿದಾಗಿನಿಂದ ನನ್ನ ತಲೆಯಲ್ಲಿ ಅದೇ ಸುತ್ತುತ್ತಿದೆ. ಹಿಂದಿನ ಸೀಟಿನ ಕೋಟಿನವನು "ಮಗು ಸಂಭಾಳಿಸೋಕೆ ಬರದಿದ್ರೆ ಯಾಕ್ರೀ ಕರ್ಕೊಂಡು ಬರ್ತೀರಿ?" ಅಂದನಂತಲ್ಲ. ಅವನು ಹುಟ್ಟಿದಾಗಿನಿಂದ ಕೋಟು ಹಾಕಿಕೊಂಡೇ ಇದ್ದನೇನೋ. ಅವನ ಮಾತು ಹಾಗಿರಲಿ. ನೀನು ನನಗೆ ಹೇಳಿದ್ದು ಮಾತ್ರ ಮನಸ್ಸಿಗೆ ನಾಟಿತು: "ನಾನು ಒಳ್ಳೆ ತಾಯಿ ಅಲ್ಲಮ್ಮ. ಇವನು ದೊಡ್ಡೋನಾಗೋ ತನಕ ವಿಮಾನ ಹತ್ತಲ್ಲ." ಪುಟ್ಟೀ, ಅರ್ಧ ಆಯುಷ್ಯ ಮೋಡದ ಮೇಲೆ ಟ್ರೇ ಹಿಡಿದು ಓಡಾಡಿದವಳು ನಾನು. ಅಳುವ ಮಕ್ಕಳನ್ನೂ ಸಿಡುಕುವ ಕೋಟುಗಳನ್ನೂ ಸಾಕಷ್ಟು ನೋಡಿದ್ದೇನೆ. ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳು.

ನೀನು ಮಾಡಿದ್ದು ಒಂದೇ ತಪ್ಪು, ಅದೂ ಅಚ್ಚುಕಟ್ಟಾದ ತಾಯಂದಿರು ಮಾತ್ರ ಮಾಡುವ ತಪ್ಪು. ಹತ್ತುವ ಮೊದಲೇ ಹೊಟ್ಟೆ ತುಂಬ ಹಾಲು ಕುಡಿಸಿ ಮಲಗಿಸಿಬಿಟ್ಟೆ. ಮಲಗಿದ ಮಗುವನ್ನು ಎಬ್ಬಿಸಬಾರದು ಎಂದು ಪಕ್ಕದವರನ್ನೂ ಮಾತಾಡಗೊಡಲಿಲ್ಲ. ವಿಮಾನ ಇಳಿಯತೊಡಗಿದರೆ ಸುತ್ತಲಿನ ಗಾಳಿಯ ಒತ್ತಡ ಏರುತ್ತದೆ, ಕಿವಿಯ ಒಳಗಿನದು ಇದ್ದಷ್ಟೇ ಇರುತ್ತದೆ. ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಒಂದು ಸಣ್ಣ ದಾರಿ ಇದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಎರಡನ್ನೂ ಸಮ ಮಾಡುತ್ತದೆ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಅವನು ಎದ್ದದ್ದೇ ನೋವಿನಿಂದ, ಪಾಪ.

ಹಾಗಾಗಿ ಈ ಸಲ ಸ್ವಲ್ಪ ಹಾಲನ್ನು ಉಳಿಸಿಕೋ. ಬೆಲ್ಟ್ ಹಾಕಿ ಎಂಬ ಘೋಷಣೆಗೆ ಕಾಯಬೇಡ, ಇಳಿಯುವುದು ಅದಕ್ಕಿಂತ ಮೊದಲೇ ಶುರುವಾಗಿರುತ್ತದೆ. ಹತ್ತಿದ ಕೂಡಲೇ ಸಿಬ್ಬಂದಿಯನ್ನು ಕರೆದು, "ಇಳಿಯೋಕೆ ಶುರುವಾದಾಗ ಹೇಳ್ತೀರಾ" ಎಂದು ಕೇಳಿಟ್ಟುಕೋ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಳುವ ಮಗುವಿಗಿಂತ ಕೇಳುವ ತಾಯಿಯೇ ನಮಗೆ ಇಷ್ಟ. ಆಗ ಮಗುವನ್ನು ಎಬ್ಬಿಸಿ, ತಲೆ ಎತ್ತರಕ್ಕಿಟ್ಟು, ತುಸು ತುಸುವೇ ಕುಡಿಸು. ಅಷ್ಟಾಗಿಯೂ ಅತ್ತರೆ ಅಳಲಿ, ಅಳುವಾಗಲೂ ಕಟ್ಟಿದ ಕಿವಿ ಬಿಡುತ್ತದೆ. ನೆಗಡಿ ಇದ್ದರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸು, ಅವರು ಬೇಡ ಎಂದರೆ ನಾಲ್ಕು ದಿನ ಬಿಟ್ಟು ಬಾ. ಅಳಿಯಂದಿರಿಗೂ ಹೇಳು, ತಮ್ಮ ಕಿವಿ ಕಟ್ಟಿತೆಂದು ಮೂಗು ಹಿಡಿದು ಊದುವುದಾದರೆ ಮೆಲ್ಲಗೆ ಊದಬೇಕು, ಬಲೂನು ಒಡೆಯುವವರ ಹಾಗಲ್ಲ. ಚೂಯಿಂಗ್ ಗಮ್ ಜಗಿದರೂ ಸಾಕು.

ಇನ್ನೊಂದು. ಯಾರಾದರೂ ಎರಡು ಲೋಟದಲ್ಲಿ ಬಿಸಿ ಒದ್ದೆ ಕಾಗದ ಹಾಕಿ ಕಿವಿಗೆ ಹಿಡಿಯಿರಿ ಎಂದರೆ ಬೇಡ ಎನ್ನು. ಇದು ನಮ್ಮ ವಿಮಾನ ಸಿಬ್ಬಂದಿಯ ಹಳೆಯ ಉಪಾಯ, ಮಕ್ಕಳಿಗಂತೂ ಕೂಡದು. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಾಗದ ಹಿಂಡುವುದನ್ನು ಮರೆತು, ದಪ್ಪ ಮೀಸೆಯ ವಕೀಲರೊಬ್ಬರ ಕಿವಿಗೆ ಹಾಗೇ ಲೋಟ ಕವುಚಿದಳು. ಬಿಸಿನೀರು ಕಾಲರಿನೊಳಗೆ ಇಳಿಯಿತು. ಅವರು ಎದ್ದು ನಿಂತು, "ಕಿವಿ ಬಿಟ್ಟಿತು ತಾಯಿ, ಇನ್ನು ನನ್ನನ್ನೂ ಬಿಡು" ಅಂದರು. ಅವತ್ತಿನಿಂದ ನಮ್ಮೆಲ್ಲರ ಬಾಯಲ್ಲಿ ಅವಳ ಅಡ್ಡಹೆಸರು ಬಕೆಟ್. ಈಗ ಹೊಸಬರಿಗೆ ತರಬೇತಿ ಕೊಡುವವಳು ಅವಳೇ, ಮೊದಲ ಪಾಠ ಕಾಗದ ಹಿಂಡುವುದಂತೆ. ನಿನ್ನ ವಿಷಯ ಹೇಳಿದೆ. "ಅಕ್ಕ, ಅವಳಿಗೆ ಧೈರ್ಯ ಹೇಳಿ. ಬಯ್ಯೋರು ಇಳಿದು ಟ್ಯಾಕ್ಸಿ ಹತ್ತೋ ಹೊತ್ತಿಗೆ ಮರೆತಿರ್ತಾರೆ" ಅಂದಳು. ನನಗೂ ಹಾಗೇ ಅನಿಸುತ್ತದೆ.

ಟಿಕೆಟ್ ಹಾಗೇ ಇರಲಿ. ನಿಲ್ದಾಣಕ್ಕೆ ನಾವಿಬ್ಬರೂ ಬರುತ್ತೇವೆ, ನಿಮ್ಮಪ್ಪನ ಕನ್ನಡಕ ಒರೆಸಿಯೇ ಕರೆತರುತ್ತೇನೆ. ನಿನ್ನ ತೋಳಿಗೆ ಶಕ್ತಿ ಬರಲಿ, ಮಗನಿಗೆ ಒಳ್ಳೆಯ ನಿದ್ದೆ ಬರಲಿ, ನೀವು ಮೂವರೂ ನಗುನಗುತ್ತ ಬನ್ನಿ.

ನಿನ್ನ,
ಅಮ್ಮ

ತಾ.ಕ.: ಒಂದು ಮಾತನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ನೀನು ಮೊದಲ ಸಲ ಹತ್ತಿದ ವಿಮಾನದಲ್ಲಿ ನಾನೇ ಕೆಲಸಕ್ಕಿದ್ದೆ. ಮೊದಲ ಸಾಲಿನಲ್ಲಿ ಅಜ್ಜಿಯ ತೊಡೆಯ ಮೇಲೆ ನೀನಿದ್ದೆ. ಇಳಿಯುವಾಗ ನಾವು ಕೂರುವ ಸೀಟು ಪ್ರಯಾಣಿಕರಿಗೆ ಮುಖ ಮಾಡಿರುತ್ತದೆ, ಬೆಲ್ಟ್ ಬಿಚ್ಚಿ ಏಳುವ ಹಾಗಿಲ್ಲ. ನೀನು ಕಿವಿ ಎಳೆದುಕೊಂಡು ಕಿರುಚುತ್ತಿದ್ದೆ. ಅಜ್ಜಿ ಗಾಬರಿಯಲ್ಲಿ ಬಾಟಲಿಯನ್ನೇ ಮರೆತು ಬೆನ್ನು ತಟ್ಟುತ್ತಿದ್ದರು, ನಾನು ಹೇಳಿದ್ದು ಆ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ನಿನಗೆ ನನ್ನ ಗುರುತು ಸಿಕ್ಕಿತ್ತು. ಎರಡೂ ಕೈ ನನ್ನ ಕಡೆಗೇ ಚಾಚಿದ್ದೆ. ಇಳಿಯುವಾಗ ಮುಖದಲ್ಲಿ ಗಾಬರಿ ಕಾಣಬಾರದು ಎಂದು ನಮಗೆ ಕಲಿಸಿದ್ದರು, ನಾನು ನಗುತ್ತಲೇ ಕುಳಿತಿದ್ದೆ. ಚಕ್ರ ನೆಲಕ್ಕೆ ತಾಗಿ ವಿಮಾನ ನಿಲ್ಲುವಷ್ಟರಲ್ಲಿ ನೀನು ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಒಳ್ಳೆಯ ತಾಯಿ ಅಲ್ಲ ಎಂದೆಯಲ್ಲ ಪುಟ್ಟೀ, ನಿನ್ನ ಮಗ ಅಷ್ಟು ಅತ್ತಾಗ ಅವನು ನಿನ್ನ ತೋಳಿನಲ್ಲಿದ್ದ. ನನಗೆ ಅಷ್ಟೂ ಸಿಕ್ಕಿರಲಿಲ್ಲ.