ಅಂಜನ್‌ನ ಕಷ್ಟ

ಏಪ್ರಿಲ್ 29, ಮಂಗಳವಾರ. ಬೆಳಿಗ್ಗೆ 6

ಪಾಪುವಿನ ಬಾಟಲಿ ಕುದಿಯಲು ಇಟ್ಟು ಬರೆಯುತ್ತಿದ್ದೇನೆ. ಪಾಪು ಈಗಷ್ಟೇ ಮಲಗಿತು. ನನಗೆ ಇವತ್ತೂ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಅದರ ಉಸಿರು ಕೇಳಿಸುವುದಿಲ್ಲ. ತೆರೆದರೆ ಕೇಳಿಸುತ್ತದೆ. ಹಾಗಾಗಿ ತೆರೆದೇ ಇರುತ್ತೇನೆ.

ಹಾಲ್‌ನಲ್ಲಿ ಮತ್ತೆ ಲೈಟ್ ಇತ್ತು. ಅಂಜನ್ ಗೋಡೆಗೆ ಒರಗಿ ಕೂತಿದ್ದ. ಎಸ್ಸೆಸ್ಸೆಲ್ಸಿ ಮುಗಿದು ಎಷ್ಟು ದಿನವಾಯಿತು, ಈಗ ಯಾವ ಓದು? ಕೇಳಿದರೆ, "ಸೆಕೆ ಅತ್ಗೆ, ನಿದ್ದೆ ಬರ್ತಿಲ್ಲ" ಎಂದ. ಫ್ಯಾನ್ ಅವನ ತಲೆಯ ಮೇಲೇ ತಿರುಗುತ್ತಿತ್ತು! ನನ್ನನ್ನು ಕಂಡ ಕೂಡಲೇ ಫೋನ್ ಬೋರಲು ಹಾಕಿದ.

ಹದಿನಾರರ ಹುಡುಗ. ಯಾರ ಜೊತೆ ಅಷ್ಟು ಮಾತು?

ಲೋಕೇಶ್‌ಗೆ ಹೇಳಬೇಕು. ತಮ್ಮನನ್ನು ಊರಿಂದ ಕರೆತಂದು ಇಲ್ಲಿ ಹೈಸ್ಕೂಲಿಗೆ ಸೇರಿಸಿದವರು ಅವರೇ ತಾನೆ. ಆದರೆ ಯಾವಾಗ ಹೇಳಲಿ? ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿ ಬರುತ್ತಾರೆ, ತಿಂಡಿ ತಿನ್ನುತ್ತಾರೆ, ಮಲಗುತ್ತಾರೆ. ಅವರು ಎದ್ದಾಗ ಅಂಜನ್ ಪಕ್ಕದಲ್ಲೇ ಇರುತ್ತಾನೆ.

ಮೇ 2, ಶುಕ್ರವಾರ

ರಿಸಲ್ಟ್! ಅಂಜನ್‌ಗೆ 577. ಅವನ ಬಾಯ್ಸ್ ಹೈಸ್ಕೂಲಿನಲ್ಲಿ ಈ ಸಲ ಎಲ್ಲ ಹುಡುಗರೂ ಪಾಸ್. ಹೋದ ವರ್ಷ ಅರ್ಧ ಕ್ಲಾಸ್ ಫೇಲಾಗಿತ್ತು. ಈ ಸಲವಂತೂ ಗಣಿತಕ್ಕೆ ಅರ್ಧ ವರ್ಷ ಮೇಷ್ಟ್ರೇ ಇರಲಿಲ್ಲ... ಹುಡುಗರೇ ಗುಂಪು ಮಾಡಿಕೊಂಡು ಒಬ್ಬರಿಗೊಬ್ಬರು ಹೇಳಿಕೊಟ್ಟಿದ್ದಾರೆ. ಖುಷಿಯಾಯಿತು. ನಿಜವಾಗಿ.

ಸಂಜೆ ಕ್ಲಾಸ್ ಟೀಚರ್ ವೀರೇಶ್ ಸರ್ ಫೋನ್. ಅಭಿನಂದನೆ ಹೇಳಿದರು. ಹದಿನೇಳನೇ ತಾರೀಖು ಫಂಕ್ಷನ್ ಇದೆ, ಬರಲೇಬೇಕು ಎಂದರು. ಆಮೇಲೆ ದನಿ ಇಳಿಸಿ, "ನೀವು ಹೇಗಿದ್ದೀರಿ ಮೇಡಂ? ಸ್ವಲ್ಪ ನಿದ್ದೆ ಮಾಡ್ತಿದ್ದೀರಾ?"

ನನ್ನ ನಿದ್ದೆಯ ವಿಷಯ ಅವರಿಗೇಕೆ? ಹೇಳಿದವರು ಯಾರು?

ಮೇ 6, ಮಂಗಳವಾರ. ಮಧ್ಯಾಹ್ನ

ಅಂಜನ್‌ನ ಕ್ಲಾಸ್‌ಮೇಟ್ ಮುರಳಿ ಬಂದಿದ್ದ. ಪ್ರಾವಿಷನ್ ಸ್ಟೋರ್‌ನವರ ಮಗ. ಮಜ್ಜಿಗೆ ಕೊಟ್ಟೆ. ಲೋಟ ಹಿಡಿದುಕೊಂಡೇ, "ಅಕ್ಕಾ, ನಿಮ್ಮನೇಲಿ ಕಷ್ಟ ಏನಾದ್ರೂ ಎಕ್ಸ್‌ಟ್ರಾ ಇದ್ರೆ ಒಂದು ಕೊಡಿ" ಎಂದ.

"ಏನೋ ಹಂಗಂದ್ರೆ?"

"ಫಂಕ್ಷನ್‌ಗೆ ಬೆಳ್ಳಂದೂರು ಕಡೆ ಕಂಪನಿಯವ್ರು ಬರ್ತಾರೆ, ಓದೋಕೆ ದುಡ್ಡು ಕೊಡೋರು. ಒಬ್ಬೊಬ್ರು ಸ್ಟೇಜ್ ಹತ್ತುವಾಗ ಸರ್ ಮೈಕಲ್ಲಿ ಓದ್ತಾರೆ. ಇವನಿಗೆ ಇಂಥ ಕಷ್ಟ, ಆದ್ರೂ ಇಷ್ಟು ಮಾರ್ಕ್ಸು ಅಂತ. ನಂಗೆ ಯಾವ್ದೂ ಇಲ್ಲ ಅಕ್ಕಾ. ನಮ್ಮಪ್ಪ ಚೆನ್ನಾಗವ್ರೆ, ಅಮ್ಮ ಚೆನ್ನಾಗವ್ರೆ. ಸರ್ 'ಏನೋ ಒಂದು ಇರುತ್ತೆ, ಯೋಚ್ನೆ ಮಾಡು' ಅಂತಾರೆ. ಒಬ್ಬ ಅಜ್ಜಿ ತೀರ್ಕೊಂಡ್ರು ಅಂತ ಬರೆಸ್ದ. ನಿನ್ನೆ ಆ ಅಜ್ಜಿ ನಮ್ಮಂಗಡೀಲೇ ಬೆಲ್ಲ ತಗೊಂಡೋದ್ರು!"

ನಕ್ಕೆ. ಎಷ್ಟು ದಿನದ ಮೇಲೆ ನಕ್ಕೆನೋ. "ನಮ್ಮ ಅಂಜನ್‌ದು ಏನಂತೆ?" ಎಂದೆ.

"ಅಯ್ಯೋ ಅವನ್ದು ಸಕ್ಕತ್ ಕಷ್ಟ ಅಕ್ಕಾ. ಸರ್ ಕಣ್ಣಲ್ಲಿ ನೀರೇ ಬಂದ್ಬಿಡ್ತು—"

"ಲೋ, ಎದ್ದೇಳೋ, ಲೇಟಾಯ್ತು" ಎಂದು ಅಂಜನ್ ಅವನ ಕಾಲರ್ ಹಿಡಿದು ಎಬ್ಬಿಸಿದ. ಮಜ್ಜಿಗೆ ಅರ್ಧ ಚೆಲ್ಲಿತು.

ಏನು ಹೇಳಿದ್ದಾನೆ? ಅತ್ತಿಗೆ ಊಟ ಹಾಕುವುದಿಲ್ಲ ಎಂದೇ? ಇದೇ ಮನೆಯ ಅನ್ನ ತಿಂದು?

ಮೇ 9, ಶುಕ್ರವಾರ

ಮಂಗಳೂರು ಕಡೆಯ ಕಾಲೇಜು. ಸೈನ್ಸ್ ಸೀಟು, ಹಾಸ್ಟೆಲ್ ಸಮೇತ. ಖರ್ಚು ಪೂರ್ತಿ ಆ ಕಂಪನಿಯವರದೇ. ಇಡೀ ಶಾಲೆಯಲ್ಲಿ ಒಬ್ಬನಿಗೆ, ಅಂಜನ್‌ಗೆ. ಮೂವತ್ತರೊಳಗೆ ಒಪ್ಪಿಗೆ ತಿಳಿಸಬೇಕಂತೆ.

ಬೇಡ ಅಂದನಂತೆ! ಇಲ್ಲೇ ಜಾಲಹಳ್ಳಿಯಲ್ಲಿ ಯಾವುದಾದರೂ ಕಾಲೇಜಿಗೆ ಸೇರುತ್ತಾನಂತೆ.

ಎಂಜಿನಿಯರ್ ಆಗಬೇಕು ಅಂತ ಎಂಟನೇ ಕ್ಲಾಸಿನಿಂದ ಜಪ ಮಾಡಿದ ಹುಡುಗ. ರಾತ್ರಿ ಫೋನಿನಲ್ಲಿ ಮಾತು ಕೆಳಗಿನ ಮನೆ ಹುಡುಗಿ ಪ್ರಿಯಾಂಕಾಳ ಜೊತೆಯೇ ಇರಬೇಕು, ಅವಳೇ ಕಾರಣ ಎಂದುಕೊಂಡೆ. ಲೋಕೇಶ್‌ಗೆ ಹೇಳಿದೆ. ತಟ್ಟೆ ನೋಡುತ್ತಾ, "ಅವನಿಷ್ಟ ಬಿಡು ವೇಣಿ" ಎಂದರು. ತಮ್ಮನನ್ನು ಒಮ್ಮೆ ನೋಡಿದರು. ಅವನು ಇವರನ್ನು ನೋಡಿದ. ಅಷ್ಟೇ. ಆದರೆ ನಾನು ನೋಡಿದೆ.

ಆಮೇಲೆ ಪಾಪುವನ್ನು ಎತ್ತಿಕೊಂಡು ಬಟ್ಟೆ ತರಲು ಟೆರೇಸಿಗೆ ಹೋದೆ. ಹಿಂದೆಯೇ ಬಂದ. "ಪಾಪುನ ಕೊಡಿ ಅತ್ಗೆ, ನಾನು ಎತ್ಕೋತೀನಿ." ಬೇಡ ಎಂದರೂ ಕೈ ಚಾಚಿಯೇ ನಿಂತ. ನನಗೂ ಅಂಚಿನ ಕಟ್ಟೆಗೂ ನಡುವೆ.

ಅಣ್ಣ ತಮ್ಮ ಸೇರಿ ಏನೋ ನಡೆಸುತ್ತಿದ್ದಾರೆ. ಪಾಪುವನ್ನು ಊರಿಗೆ, ಅತ್ತೆಯ ಹತ್ತಿರ ಸಾಗಿಸುವ ಪ್ಲಾನೇ? ನನಗೆ ತಾಯಿ ಇಲ್ಲ, ಬಾಣಂತನ ಅತ್ತೆಯೇ ಮಾಡಿದ್ದು. ಹೋಗುವಾಗ "ಮಗೂನ ನಂಜೊತೆ ಕಳ್ಸಿ" ಅಂದಿದ್ದರು. ತಮಾಷೆಗೆ ಅಂದುಕೊಂಡಿದ್ದೆ.

ಮೇ 17, ಶನಿವಾರ. ಸಂಜೆ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಹುಡುಗರೆಲ್ಲ ಇಸ್ತ್ರಿ ಮಾಡಿದ ಬಿಳಿ ಶರ್ಟು, ತಲೆಗೆ ಎಣ್ಣೆ. ಲೇತ್ ಕೆಲಸದವರು, ಗಾರ್ಮೆಂಟ್ಸ್ ಹೆಂಗಸರು, ಶಿಫ್ಟ್ ಬಿಟ್ಟು ಬಂದಿದ್ದಾರೆ. ಲೋಕೇಶ್ ಪಾಪುವನ್ನು ಎತ್ತಿಕೊಂಡು ಹಿಂದೆ ನೆರಳಲ್ಲಿ ನಿಂತಿದ್ದರು. ನಾನು ಮುಂದೆ, ತಾಯಂದಿರ ಸಾಲಿನಲ್ಲಿ.

ಗಣಿತ ಹೇಳಿಕೊಟ್ಟ ಬಸಲಿಂಗ ಎಂಬ ಹುಡುಗನನ್ನು ಕರೆದಾಗ ಇಡೀ ಕ್ಲಾಸ್ ಎದ್ದು ನಿಂತು "ಮೇಷ್ಟ್ರೇ! ಮೇಷ್ಟ್ರೇ!" ಎಂದು ಕೂಗಿತು. ಹೆಡ್ಮಾಸ್ಟರೂ ನಕ್ಕುಬಿಟ್ಟರು. ಅವನಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡರು. ಮುರಳಿ "ಅಂಗಡಿಯ ಗಿರಾಕಿಗಳ ಗದ್ದಲದ ನಡುವೆ ಓದಿದವನು". ಅವರಪ್ಪ ಎದ್ದು ಎಲ್ಲರಿಗೂ ಕೈ ಮುಗಿದರು. ನಾನು ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಬಿಸಿಯಾಗಿತ್ತು.

ಆಮೇಲೆ ವೀರೇಶ್ ಸರ್, ಕನ್ನಡಕ ಒರೆಸಿಕೊಂಡು:

"ಮನೆಯಲ್ಲಿ ಹಸುಗೂಸು. ಬಾಣಂತಿ ಅತ್ತಿಗೆಯ ಮನಸ್ಸಿಗೆ ಹುಷಾರಿಲ್ಲ. ಅಣ್ಣನಿಗೆ ರಾತ್ರಿ ಪಾಳಿ. ಮಗುವಿಗೆ ಏನೂ ಆಗದಿರಲೆಂದು ರಾತ್ರಿಯಿಡೀ ಕಾವಲು ಕೂತು, ಆ ಕಾವಲಿನಲ್ಲೇ ಓದಿ..."

ನನ್ನ ಕೈ ಚಪ್ಪಾಳೆ ತಟ್ಟುತ್ತಲೇ ಇತ್ತು. ಕೈಗೆ ಗೊತ್ತಾಗುವುದು ತಡವಾಯಿತು.

ಪಕ್ಕದ ಹೆಂಗಸು, "ಪಾಪ, ಆ ಹೆಣ್ಣುಮಗಳ ಗತಿ ನೋಡಿ" ಎಂದು ಲೊಚಗುಟ್ಟಿದಳು. "ನಿಮ್ಮುಡುಗ ಯಾರಕ್ಕ?"

"ಇನ್ನೂ ಕರೆದಿಲ್ಲ" ಎಂದೆ.

ಮೇ 18, ಭಾನುವಾರ

ಬೆಳಿಗ್ಗೆ ಅವನನ್ನೇ ಕೇಳಿದೆ. "ಸುಳ್ಳು ತಾನೆ ಅಂಜು? ಎಲ್ಲರ ಹಾಗೆ ನೀನೂ ಒಂದು ಕಟ್ಟಿದ್ದಲ್ವಾ?"

"ಹೂಂ ಅತ್ಗೆ. ಸುಳ್ಳೇ. ಏನಾದ್ರೂ ಬೇಕಿತ್ತಲ್ಲ, ಹೇಳ್ಬಿಟ್ಟೆ. ಸಾರಿ." ಬಹಳ ಬೇಗ ಒಪ್ಪಿಕೊಂಡ. ಈ ಹುಡುಗ ಯಾವ ತಪ್ಪನ್ನೂ ಅಷ್ಟು ಬೇಗ ಒಪ್ಪಿದವನಲ್ಲ.

ಅವನು ಹಾಲು ತರಲು ಹೋದಾಗ ಲೋಕೇಶ್ ಮುಂದೆ ಕೂತೆ. ಹೇಳಿ ಎಂದೆ. ಉಗುರು ನೋಡುತ್ತಲೇ ಹೇಳಿದರು.

"ಸಂಕ್ರಾಂತಿ ಆದ್ಮೇಲೆ ಒಂದಿನ... ಪಾಪುನ ಎತ್ಕೊಂಡು ಟೆರೇಸ್ ಕಟ್ಟೆ ಹತ್ರ ನಿಂತಿದ್ದೆ ನೀನು. ಅಂಜನ್ ಎಷ್ಟು ಕೂಗಿದ್ರೂ ನಿಂಗೆ ಕೇಳಿಸ್ಲಿಲ್ವಂತೆ. ಅವನೇ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಬಂದ."

"ಗಾಳಿಗೆ ನಿಂತಿದ್ದೆ. ಒಳಗೆ ಅದಕ್ಕೆ ಉಸಿರು ಕಟ್ಟುತ್ತೆ ಅನ್ನಿಸ್ತು."

"ಇರ್ಬೋದು ವೇಣಿ. ಇರ್ಬೋದು. ನಂಗೆ ಭಯ ಆಯ್ತು. ಅವನಿಗೆ ರಾತ್ರಿ ಎದ್ದಿದ್ದು ನೋಡ್ಕೋ, ನಂಗೆ ಮೆಸೇಜ್ ಹಾಕ್ತಿರು ಅಂದೆ."

"ನನ್ನನ್ನೇ ಕೇಳ್ಬಹುದಿತ್ತಲ್ಲ?"

"ಏನಂತ ಕೇಳ್ಲಿ?"

ನಾನು ಗಾಳಿಗೇ ನಿಂತಿದ್ದೆ. ಬಹುಶಃ.

ಮೇ 27, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಯಾರಾದರೂ ಓದುತ್ತಾರೆ ಎನ್ನಿಸಿ.

ಡಾಕ್ಟರ್ ಹತ್ತಿರ ಹೋಗಿ ಬಂದೆವು. ಹೆಂಗಸು, ನನ್ನ ವಯಸ್ಸಿನವಳೇ. ಹೆರಿಗೆಯಾದ ಮೇಲೆ ಹೀಗಾಗುವುದುಂಟು, ವಾಸಿಯಾಗುತ್ತದೆ ಎಂದಳು. ಮಾತ್ರೆ ಕೊಟ್ಟಳು. ರಾತ್ರಿ ಮಗುವನ್ನು ಬೇರೆಯವರು ನೋಡಿಕೊಳ್ಳಲಿ, ನೀವು ಮಲಗಿ ಎಂದಳು. "ಮನೇಲಿ ಯಾರಿದ್ದಾರೆ?" ನಾನು ಬಾಯಿ ತೆರೆಯುವ ಮೊದಲೇ ಲೋಕೇಶ್, "ತಮ್ಮ ಇದ್ದಾನೆ" ಎಂದರು.

ಅಲ್ಲಿಗೆ ಸರಿಹೋಯಿತು! ನಾನು ಮಲಗಬೇಕು, ಅವನು ಇನ್ನೂ ಎರಡು ವರ್ಷ ಕಾವಲು ಕೂರಬೇಕು. ಸೀಟು ಬೇರೆಯವನ ಪಾಲಾಗಬೇಕು.

ಮನೆಗೆ ಬಂದು ಅವನನ್ನು ಮತ್ತೆ ಕೇಳಿದೆ. "ನಂಗೆ ಹಾಸ್ಟೆಲ್ ಊಟ ಆಗಲ್ಲ ಅತ್ಗೆ" ಎಂದ. ಊಟವಂತೆ. ನಾನು ಮಾಡುವ ಸಾರು ಬಾಯಿಗಿಡಲಾಗದೆ ಉಪ್ಪಿನಕಾಯಿ ನಂಚಿಕೊಳ್ಳುವ ಹುಡುಗ.

ಮೇ 28, ಬುಧವಾರ

ಹಿಂದಿನ ಶೀಟ್ ಮನೆಯ ಮಲಕವ್ವನ ಹತ್ತಿರ ಹೋದೆ. ಯಾದಗಿರಿ ಕಡೆಯವರು, ಗಂಡ ಹೆಂಡತಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ದಿನಾ ನಲ್ಲಿಯ ಹತ್ತಿರ ಸಿಗುತ್ತಾರೆ, ಅಷ್ಟೇ ಪರಿಚಯ. ಬಾಗಿಲಲ್ಲೇ ನಿಂತು ಕೇಳಿದೆ.

"ರಾತ್ರಿ ನಮ್ಮನೇಲಿ ಬಂದು ಮಲಗ್ತೀರಾ? ನೋಡ್ಕೊಳ್ಳೋಕೆ."

"ಕೂಸಿನ್ನ?"

"ಕೂಸನ್ನ. ನನ್ನನ್ನೂ."

ರೊಟ್ಟಿ ತಟ್ಟುತ್ತಿದ್ದ ಅವರ ಹಿಟ್ಟಿನ ಕೈ ಹಾಗೇ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಈಗ ಓಣಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡೆ. ಗೊತ್ತಾಗಲಿ. ಶಾಮಿಯಾನದಲ್ಲಿ ಮೈಕಿನಲ್ಲೇ ಹೇಳಿ ಆಗಿದೆ.

"ನಿಮ್ಮನ್ಯಾಗ ಫ್ಯಾನ್ ಐತಲ್ರಿ?"

"ಇದೆ."

"ಹಂಗಾರ ನಿಮ್ಮನ್ನೂ ನೋಡ್ತೀನಿ, ನಿಮ್ಮ ಗಂಡನ್ನೂ ನೋಡ್ತೀನಿ. ಈ ಶೀಟಿನ ಕೆಳಗ ಬೆಂದು ಹೋಗೀವ್ರಿ ಅಕ್ಕಾರ."

ಒಳಗಿಂದ ಅವರ ಗಂಡ ಯಂಕಪ್ಪ, "ನನಗೂ ಜಾಗಾ ಐತೇನ್ ಕೇಳ" ಎಂದ. "ನೀ ಸುಮ್ನ ಬಿದ್ಕೊ" ಎಂದರು ಮಲಕವ್ವ.

ಸಂಜೆ ಅಂಜನ್‌ಗೆ ಹೇಳಿದೆ. ಊಟದ ನೆಪ ಬಿಟ್ಟು ಮೊದಲ ಸಲ ನೇರ ಕೇಳಿದ: "ಅವ್ರು ಎಚ್ಚರ ಇರ್ತಾರಾ?"

"ಇರ್ತಾರೆ. ಬಾಗಿಲಿಗೆ ಅಡ್ಡ ಮಲಗ್ತಾರೆ. ಟೆರೇಸ್ ಬೀಗದ ಕೈ ಅವ್ರ ಹತ್ರಾನೇ. ನಾನೇ ಕೊಟ್ಟಿದ್ದೀನಿ."

ತಲೆ ತಗ್ಗಿಸಿದ. ಭುಜ ಅಲುಗಿತು. ಅಳುತ್ತಿದ್ದಾನೋ, ಬಿಡುಗಡೆಯಾಯಿತೆಂದು ನಗುತ್ತಿದ್ದಾನೋ... ಬಗ್ಗಿ ನೋಡಲಿಲ್ಲ. "ವೀರೇಶ್ ಸರ್‌ಗೆ ಫೋನ್ ಮಾಡು, ಹೂಂ ಅಂತ ಹೇಳು. ನನ್ನೆದುರಿಗೇ ಮಾಡು" ಎಂದೆ. ಮಾಡಿದ.

ಜೂನ್ 1, ಭಾನುವಾರ. ರಾತ್ರಿ 8

ಹೋದ. ಲೋಕೇಶ್ ಮೆಜೆಸ್ಟಿಕ್‌ವರೆಗೆ ಬಿಟ್ಟು, ಅಲ್ಲಿಂದಲೇ ಶಿಫ್ಟಿಗೆ.

ಹೊರಡುವ ಮೊದಲು ಮಲಕವ್ವನಿಗೆ ಪಾಠ ಮಾಡಿದ. "ಎಡಗಡೆ ಭುಜಕ್ಕೆ ಹಾಕ್ಕೊಳಿ. ಬಲಗಡೆ ಹಾಕಿದ್ರೆ ಅಳುತ್ತೆ. ಬೆನ್ನು ತಟ್ಬೇಡಿ, ಸವರಿ." ನನಗೆ ಗೊತ್ತಿರಲಿಲ್ಲ. ಹೊಟ್ಟೆ ಉರಿಯಿತು. ನನ್ನ ಪಾಪು!

ಅವನ ಕಿಸೆಗೆ ಉಪ್ಪಿನಕಾಯಿ ಪ್ಯಾಕೆಟ್ ತುರುಕಿದೆ. "ನಿಂಗೆ ಹಾಸ್ಟೆಲ್ ಊಟ ಆಗಲ್ವಲ್ಲ." ನಕ್ಕ. ಕಾಲಿಗೆ ಬಿದ್ದ. ಎಬ್ಬಿಸುವಾಗ ಕಣ್ಣ ಕೆಳಗಿನ ಕಪ್ಪು ನೋಡಿದೆ, ನನ್ನದರಂತೆಯೇ.

ಮಲಕವ್ವ ಹಾಲ್‌ನಲ್ಲಿ ಫ್ಯಾನ್ ಕೆಳಗೆ, ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿದ್ದಾರೆ. ಪಕ್ಕದಲ್ಲಿ ಪಾಪು. ನಾನು ರೂಮಿನಲ್ಲಿ, ಬಾಗಿಲು ತೆರೆದೇ ಇದೆ. "ಮಲಕ್ಕೋರಿ ಅಕ್ಕಾರ, ನಾ ಅದೀನಲ್ಲ" ಅಂದರು. ಅಂದು ಆಗಲೇ ಗೊರಕೆ! ಇಷ್ಟು ಬೇಗ ಯಾರಿಗೆ ನಿದ್ದೆ ಬರುತ್ತದೆ? ನಟನೆ ಇರಬಹುದು. ಕಣ್ಣು ಅರೆ ತೆರೆದು ನನ್ನನ್ನೇ ನೋಡುತ್ತಿರಬಹುದು. ನೋಡಲಿ. ನೋಡಲೆಂದೇ ಕರೆದದ್ದು.

ಮಾತ್ರೆ ನುಂಗಿದೆ. ಅದರಲ್ಲಿ ಏನಿದೆಯೋ.

ಎದ್ದು ಹೋಗಿ ಒಮ್ಮೆ ಪಾಪುವಿನ ಉಸಿರು ನೋಡಿ ಬರಬೇಕು. ಇಲ್ಲಿಂದ ಕೇಳಿಸುತ್ತಿಲ್ಲ... ಗೊರಕೆಯ ನಡುವೆ ಏನು ಕೇಳುತ್ತದೆ? ಈ ಸಾಲು ಮುಗಿಸಿ ಏಳುತ್ತೇನೆ. ಅಕ್ಷರ ಎರಡೆರಡಾಗಿ ಕಾಣುತ್ತಿದೆ. ಏಳಬೇಕು. ಒಂದೇ ನಿಮಿಷ ಕಣ್ಣು ಮುಚ್ಚಿ, ಆಮೇಲೆ ಎದ್ದು ನೋ